ವೀಕೆಂಡ್‌ಗೆ ಮುಂಬೈ, ರೂಮು ಬೋರಿವಲಿಯಲ್ಲಿ: ಹಾಗಾದ್ರೆ ಓಡಾಟ ಹೇಗೆ?

ಇವತ್ತಿನ ಎಪಿಸೋಡ್ ಶುಕ್ರವಾರ ರಾತ್ರಿ ಬಸ್ಸೋ ರೈಲೋ ಹತ್ತಿ ಮುಂಬೈಗೆ ಹೋಗಿ, ಸೋಮವಾರ ಬೆಳಿಗ್ಗೆ ಆಫೀಸಿಗೆ ವಾಪಸ್ ಬರಬೇಕು ಅನ್ನೋರಿಗೆ. ಕಾನ್ಸರ್ಟ್ ಇರಬಹುದು, ಮ್ಯಾಚ್ ಇರಬಹುದು, ಸುಮ್ಮನೆ ಸಮುದ್ರ ನೋಡೋಕೆ ಇರಬಹುದು. ಕೊಲಾಬಾದಲ್ಲಿ ರೂಮಿನ ಬೆಲೆ ನೋಡಿ ಆ್ಯಪ್ ಮುಚ್ಚಿ, ಕೊನೆಗೆ ಬೋರಿವಲಿ, ಠಾಣೆ, ವಾಶಿ ಕಡೆ ಬುಕ್ ಮಾಡ್ತೀರಿ. ಅಥವಾ ಅಲ್ಲೇ ಚಿಕ್ಕಪ್ಪನ ಮನೆ ಇರುತ್ತೆ. ಮುಂಬೈ ಉಪನಗರಗಳಲ್ಲಿ ಕನ್ನಡದವರ, ತುಳುವರ ಮನೆಗಳಿಗೇನು ಬರ ಇಲ್ಲ.

ತಪ್ಪೇನಿಲ್ಲ, ದುಡ್ಡು ಉಳಿಯುತ್ತೆ. ಆದರೆ ಒಂದು ವಿಷಯ ಮೊದಲೇ ತಿಳ್ಕೊಳ್ಳಿ. ಮುಂಬೈ ಅಂದ್ರೆ ಉದ್ದಕ್ಕೆ ಚಾಚಿಕೊಂಡ ಊರು. ದಕ್ಷಿಣದ ತುದಿಯಲ್ಲಿ ಚರ್ಚ್‌ಗೇಟ್, ಸಿಎಸ್‌ಎಂಟಿ. ಅಲ್ಲಿಂದ ಬೋರಿವಲಿಗೆ, ಠಾಣೆಗೆ ತಲಾ 34 ಕಿಲೋಮೀಟರ್ ಆಸುಪಾಸು. ಬೆಳಿಗ್ಗೆ ಇಡೀ ಊರು ಉತ್ತರದಿಂದ ದಕ್ಷಿಣಕ್ಕೆ ಹರಿಯುತ್ತೆ, ಸಂಜೆ ವಾಪಸ್. ಉಪನಗರದಲ್ಲಿ ಉಳಿದ ಪ್ರವಾಸಿಗೂ ಅದೇ ದಿಕ್ಕು. ಅಂದ್ರೆ ಕೆಲಸಕ್ಕೆ ಹೋಗೋರ ಜೊತೆಗೇ ನೀವೂ ಹೋಗ್ತೀರಿ, ಅವರ ಜೊತೆಗೇ ಬರ್ತೀರಿ. ಕೊಲಾಬಾದಲ್ಲಿ ಉಳಿದವನು ಬೆಳಿಗ್ಗೆ ಜುಹು ನೋಡೋಕೆ ಹೊರಟರೆ ಅವನಿಗೆ ಎದುರು ದಿಕ್ಕಿನ ಖಾಲಿ ರೈಲು. ನಿಮಗೆ ಆ ಅದೃಷ್ಟ ಇಲ್ಲ. ಶನಿವಾರ ಅಲ್ಲಿ ಎಲ್ಲರಿಗೂ ರಜೆ ಅಂದ್ಕೋಬೇಡಿ. ಬೆಳಿಗ್ಗೆ 8ರಿಂದ 11ರವರೆಗೆ ದಕ್ಷಿಣಕ್ಕೆ, ಸಂಜೆ 5ರಿಂದ 9ರವರೆಗೆ ಉತ್ತರಕ್ಕೆ ಹೋಗೋ ಲೋಕಲ್ ಬಿಟ್ಟುಬಿಡಿ. ತಿಂಡಿ ನಿಧಾನಕ್ಕೆ ತಿಂದು 11ರ ಮೇಲೆ ಹೊರಡಿ, ರಾತ್ರಿ ಊಟ ಅಲ್ಲೇ ಮುಗಿಸಿ ಬನ್ನಿ. ಅರ್ಧ ಕಷ್ಟ ಅಲ್ಲಿಗೇ ಕಳೀತು.

ಈಗ ಲೋಕಲ್ ವಿಚಾರ. 1853ರ ಏಪ್ರಿಲ್ 16ರಂದು ಬೋರಿ ಬಂದರ್‌ನಿಂದ ಠಾಣೆಗೆ ಓಡಿದ ರೈಲಿನ ವಂಶ ಇದು. ಮೂರು ಲೈನ್ ನೆನಪಿಟ್ಟುಕೊಂಡ್ರೆ ಸಾಕು. ವೆಸ್ಟರ್ನ್ ಲೈನ್ ಚರ್ಚ್‌ಗೇಟ್‌ನಿಂದ ಬಾಂದ್ರಾ, ಅಂಧೇರಿ, ಬೋರಿವಲಿ ದಾಟಿ ವಿರಾರ್ ಕಡೆಗೆ. ಸೆಂಟ್ರಲ್ ಲೈನ್ ಸಿಎಸ್‌ಎಂಟಿಯಿಂದ ಠಾಣೆ, ಕಲ್ಯಾಣ್ ಕಡೆಗೆ. ಹಾರ್ಬರ್ ಲೈನ್ ಸಿಎಸ್‌ಎಂಟಿಯಿಂದ ವಾಶಿ, ನೆರುಲ್, ಪನ್ವೇಲ್‌ಗೆ. ನೆರುಲ್ ಅಂದ್ರೆ ನಿಮಗೆ ಗೊತ್ತಿರುತ್ತೆ, 2025ರ ಜನವರಿಯಲ್ಲಿ ಕೋಲ್ಡ್‌ಪ್ಲೇ ಬಂದ ಡಿ.ವೈ. ಪಾಟೀಲ್ ಸ್ಟೇಡಿಯಂ ಇರೋ ಜಾಗ. ಅಲ್ಲಿನ ಕಾನ್ಸರ್ಟ್‌ಗೆ ಹೋಗೋರು ಬೋರಿವಲಿಯಲ್ಲಿ ರೂಮ್ ಮಾಡೋದು ಬುದ್ಧಿವಂತಿಕೆ ಅಲ್ಲ. ವಾಶಿಯಲ್ಲೋ ಠಾಣೆಯಲ್ಲೋ ಮಾಡಿ. ಠಾಣೆಯಿಂದ ನವಿ ಮುಂಬೈಗೆ ಟ್ರಾನ್ಸ್ ಹಾರ್ಬರ್ ಅಂತ ಬೇರೆ ಲೈನೇ ಇದೆ. ವೆಸ್ಟರ್ನ್‌ನಿಂದ ಸೆಂಟ್ರಲ್‌ಗೆ ಬದಲಾಯಿಸೋಕೆ ದಾದರ್. ಅಲ್ಲಿ ಮೊದಲು ಎರಡೂ ಕಡೆ ಒಂದನೇ ನಂಬರ್ ಪ್ಲಾಟ್‌ಫಾರ್ಮ್ ಇದ್ದು ಹೊಸಬರು ಗೊಂದಲ ಆಗ್ತಿದ್ರು. 2023ರ ಡಿಸೆಂಬರ್‌ನಿಂದ ವೆಸ್ಟರ್ನ್‌ದು 1ರಿಂದ 7, ಸೆಂಟ್ರಲ್‌ದು 8ರಿಂದ 14.

ಸ್ಲೋ ರೈಲು ಎಲ್ಲಾ ಕಡೆ ನಿಲ್ಲುತ್ತೆ, ಫಾಸ್ಟ್ ಮುಖ್ಯ ಸ್ಟೇಷನ್‌ಗಳಲ್ಲಿ ಮಾತ್ರ. ಹಾಗಂತ ಯಾವ ಫಾಸ್ಟ್ ಸಿಕ್ಕಿದ್ರೂ ಹತ್ತೋದಲ್ಲ. ಸಂಜೆ ಬೋರಿವಲಿಗೆ ಹೋಗೋಕೆ ವಿರಾರ್ ಫಾಸ್ಟ್ ಹತ್ತಿದ್ರೆ ಬೋರಿವಲಿಯಲ್ಲಿ ಇಳಿಯೋಕೆ ದಾರಿ ಸಿಗೋದೇ ಅನುಮಾನ, ಬಾಗಿಲಲ್ಲಿ ವಿರಾರ್‌ನವರ ಗೋಡೆ ಇರುತ್ತೆ. ಅವರ ಮೇಲೂ ಕೋಪ ಮಾಡ್ಕೋಬೇಡಿ, ಅವರು ಇನ್ನೂ ಎಷ್ಟೋ ದೂರ ಹೋಗಬೇಕು. ಬೋರಿವಲಿ ಲೋಕಲ್‌ಗೇ ಕಾಯಿರಿ. ಎರಡು ಸ್ಟೇಷನ್ ಮುಂಚೆಯೇ ಪಕ್ಕದವರನ್ನ ಕೇಳಿ, ಪ್ಲಾಟ್‌ಫಾರ್ಮ್ ಯಾವ ಕಡೆ ಬರುತ್ತೆ ಅಂತ. ಹಿಂದಿ ತಡವರಿಸಿದ್ರೂ ಪರವಾಗಿಲ್ಲ, ಈ ಪ್ರಶ್ನೆಗೆ ಮುಂಬೈಯಲ್ಲಿ ಎಲ್ಲರೂ ಉತ್ತರ ಕೊಡ್ತಾರೆ.

ಬಾಗಿಲ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳ್ತೀನಿ. ಎಸಿ ಲೋಕಲ್ ಬಿಟ್ರೆ ಉಳಿದವಕ್ಕೆ ಬಾಗಿಲು ಮುಚ್ಚಲ್ಲ. ರೀಲ್ಸ್‌ನಲ್ಲಿ ನೇತಾಡಿಕೊಂಡು ಹೋಗೋದು ಚೆಂದ ಕಾಣುತ್ತೆ. 2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾ ಹತ್ತಿರದ ತಿರುವಿನಲ್ಲಿ ಎದುರುಬದುರು ಹೋಗ್ತಿದ್ದ ಎರಡು ಲೋಕಲ್‌ಗಳಿಂದ ಜನ ಹಳಿ ಮೇಲೆ ಬಿದ್ದರು. ನಾಲ್ವರು ಅವತ್ತೇ ಸತ್ತರು. ಅವರೆಲ್ಲ ದಿನಾ ಓಡಾಡೋ ದಾರಿ ಅದು. ಅಭ್ಯಾಸ ಇದ್ದೋರ ಕಥೆಯೇ ಹೀಗಿರುವಾಗ ಎರಡು ದಿನದ ಅತಿಥಿಗಳಾದ ನಾವು ಬಾಗಿಲ ಹತ್ತಿರ ನಿಲ್ಲೋ ಮಾತೇ ಬೇಡ. ರೈಲು ತುಂಬಿದ್ರೆ ಬಿಡಿ, ಸ್ವಲ್ಪ ಹೊತ್ತಲ್ಲೇ ಇನ್ನೊಂದು ಬರುತ್ತೆ. ಬೆನ್ನಿನ ಬ್ಯಾಗ್ ಎದೆ ಮುಂದೆ ಹಾಕ್ಕೊಳ್ಳಿ. ಚಕ್ರದ ಸೂಟ್‌ಕೇಸ್ ಎಳ್ಕೊಂಡು ರಶ್ ಅವರ್‌ನಲ್ಲಿ ಹತ್ತೋ ಸಾಹಸ ಬೇಡ.

ಟಿಕೆಟ್ ತುಂಬಾ ಅಗ್ಗ. ಸೆಕೆಂಡ್ ಕ್ಲಾಸ್ 5 ರೂಪಾಯಿಯಿಂದ ಶುರು, ಬೋರಿವಲಿಯಿಂದ ಚರ್ಚ್‌ಗೇಟ್‌ಗೇ 15 ರೂಪಾಯಿ. ರೈಲ್‌ಒನ್ ಆ್ಯಪ್‌ನಲ್ಲಿ ಸ್ಟೇಷನ್ ಒಳಗೆ ಹೋಗೋ ಮುಂಚೆಯೇ ತಗೊಳ್ಳಿ. 1, 3, 5 ದಿನಗಳ ಟೂರಿಸ್ಟ್ ಪಾಸ್ ಕೂಡ ಸಿಗುತ್ತೆ, ಕೌಂಟರ್‌ನಲ್ಲಿ ಕೇಳಿ. ಫಸ್ಟ್ ಕ್ಲಾಸ್ ಡಬ್ಬಿ ಹೊರಗಿಂದ ಹೆಚ್ಚುಕಮ್ಮಿ ಸೆಕೆಂಡ್ ಕ್ಲಾಸ್ ಥರಾನೇ ಕಾಣುತ್ತೆ, ನೋಡಿ ಹತ್ತಿ. ಟಿಕೆಟ್ ಸರಿ ಇಲ್ಲದಿದ್ರೆ ಪ್ರಯಾಣ ದರದ ಮೇಲೆ ಕನಿಷ್ಠ 250 ರೂಪಾಯಿ ದಂಡ.

ಇನ್ನು ಹೊರಗಿನವರಿಗೆ ಗೊತ್ತೇ ಇಲ್ಲದ ಸಂಗತಿ: ಭಾನುವಾರದ ಮೆಗಾ ಬ್ಲಾಕ್. ವಾರವಿಡೀ ಪುರುಸೊತ್ತಿಲ್ಲದೆ ಓಡೋ ಹಳಿಗಳ ರಿಪೇರಿ ಮಾಡೋದು ಯಾವಾಗ? ಭಾನುವಾರ ಹಗಲು. ಸಾಮಾನ್ಯವಾಗಿ ಬೆಳಿಗ್ಗೆ 10–11ರಿಂದ ಮಧ್ಯಾಹ್ನ 3–4ರವರೆಗೆ ಯಾವುದೋ ಒಂದು ಭಾಗದಲ್ಲಿ ಫಾಸ್ಟ್ ಹಳಿ ಮುಚ್ಚಿ ಎಲ್ಲವನ್ನೂ ಸ್ಲೋ ಹಳಿಗೆ ಹಾಕ್ತಾರೆ, ಅಥವಾ ಉಲ್ಟಾ. ಕೆಲವು ಸ್ಟೇಷನ್‌ಗಳಲ್ಲಿ ರೈಲು ನಿಲ್ಲೋದೇ ಇಲ್ಲ. ಹಾರ್ಬರ್ ಲೈನ್‌ನಲ್ಲಂತೂ ಒಂದು ತುಂಡಿನಲ್ಲಿ ಓಡಾಟವೇ ಬಂದ್ ಆಗೋದುಂಟು. ವೆಸ್ಟರ್ನ್‌ನವರು ಎಷ್ಟೋ ಸಲ ಶನಿವಾರ ರಾತ್ರಿಯೇ ಕೆಲಸ ಮುಗಿಸ್ತಾರೆ. ಯಾವ ವಾರ ಎಲ್ಲಿ ಅನ್ನೋದನ್ನ ಒಂದೆರಡು ದಿನ ಮುಂಚೆ ಪ್ರಕಟಿಸ್ತಾರೆ. ಶನಿವಾರ ರಾತ್ರಿ ಮಲಗೋ ಮುಂಚೆ ಸೆಂಟ್ರಲ್ ರೈಲ್ವೆ, ವೆಸ್ಟರ್ನ್ ರೈಲ್ವೆಯ ಎಕ್ಸ್ ಖಾತೆ ನೋಡಿ. ಭಾನುವಾರ ಮಧ್ಯಾಹ್ನ ಊರಿಗೆ ಹೊರಡೋ ರೈಲು ಬುಕ್ ಆಗಿದ್ರೆ ಇದನ್ನ ನೋಡದೆ ಮಲಗಲೇಬೇಡಿ.

ನನ್ನ ಕೇಳಿದ್ರೆ ಪ್ಲಾನ್ ಹೀಗಿರಲಿ. ಶನಿವಾರ ದಕ್ಷಿಣ ಮುಂಬೈ, ಭಾನುವಾರ ರೂಮಿನ ಹತ್ತಿರದ್ದು. ಬೋರಿವಲಿಯಲ್ಲಿ ಉಳಿದೋರಿಗೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ ಪಕ್ಕದಲ್ಲೇ ಇದೆ, ಒಳಗೆ ಕನ್ಹೇರಿ ಗುಹೆಗಳು. ಬ್ಲಾಕ್ ಇದ್ರೂ ನಿಮಗೇನು? ಸೋಮವಾರ ರಜೆ ಹಾಕಿದೋರು ಗಮನಿಸಿ, ಆ ಉದ್ಯಾನಕ್ಕೂ ಎಲಿಫೆಂಟಾ ಗುಹೆಗಳಿಗೂ ಸೋಮವಾರ ಬಾಗಿಲು ಹಾಕಿರುತ್ತೆ.

ಮೆಟ್ರೊಗೆ ಮೆಗಾ ಬ್ಲಾಕ್ ಕಾಟ ಇಲ್ಲ. 2025ರ ಅಕ್ಟೋಬರ್‌ನಲ್ಲಿ ಪೂರ್ತಿ ತೆರೆದ ಅಕ್ವಾ ಲೈನ್, ಅಂದ್ರೆ ಮೆಟ್ರೊ 3, ಆರೆಯಿಂದ ಕಫ್ ಪರೇಡ್‌ವರೆಗೆ 33.5 ಕಿಲೋಮೀಟರ್, 27 ಸ್ಟೇಷನ್. ಏರ್‌ಪೋರ್ಟ್‌ನ ಎರಡೂ ಟರ್ಮಿನಲ್, ಸಿದ್ಧಿವಿನಾಯಕ, ಸಿಎಸ್‌ಎಂಟಿ, ಚರ್ಚ್‌ಗೇಟ್ ಎಲ್ಲವೂ ಅದೇ ದಾರಿಯಲ್ಲಿ. ಗೇಟ್‌ವೇಗೆ ಹುತಾತ್ಮಾ ಚೌಕದಲ್ಲಿ ಇಳಿದು ನಡೆದೇ ಹೋಗಬಹುದು. ಟಿಕೆಟ್ 10ರಿಂದ 70 ರೂಪಾಯಿ. ಬೋರಿವಲಿ ಈಸ್ಟ್‌ನಿಂದ ಮೆಟ್ರೊ 7 ಹಿಡಿದು ಗುಂದವಲಿ, ಅಲ್ಲಿಂದ ಮೆಟ್ರೊ 1ರಲ್ಲಿ ಮರೋಳ್ ನಾಕಾ, ಅಲ್ಲಿ ಮೆಟ್ರೊ 3. ಸುತ್ತು ಜಾಸ್ತಿ, ಬೆವರು ಕಮ್ಮಿ. ಠಾಣೆಯವರು ಲೋಕಲ್‌ನಲ್ಲಿ ಘಾಟ್‌ಕೋಪರ್‌ಗೆ ಬಂದು ಮೆಟ್ರೊ 1 ಹಿಡಿದರೂ ಮರೋಳ್ ನಾಕಾ ಸಿಗುತ್ತೆ.

ಆಟೊ ನಂಬ್ಕೊಂಡು ದಕ್ಷಿಣಕ್ಕೆ ಹೊರಡಬೇಡಿ. ಬಾಂದ್ರಾ, ಸಾಯನ್ ದಾಟಿದ ಮೇಲೆ ಆಟೊಗೆ ಪ್ರವೇಶವೇ ಇಲ್ಲ, ಅಲ್ಲಿಂದಾಚೆ ಕಪ್ಪು-ಹಳದಿ ಟ್ಯಾಕ್ಸಿ. 2025ರ ಫೆಬ್ರವರಿಯಿಂದ ಆಟೊ ಮಿನಿಮಮ್ 26, ಟ್ಯಾಕ್ಸಿ 31 ರೂಪಾಯಿ. ನಮ್ಮ ಊರಲ್ಲಿ ಚೌಕಾಸಿ ಮಾಡಿ ಸುಸ್ತಾದೋರಿಗೆ ಅಲ್ಲಿ ಮೀಟರ್ ಹಾಕೋದು ನೋಡಿ ಕಣ್ಣು ತುಂಬಿ ಬರುತ್ತೆ. ಬೆಸ್ಟ್ ಬಸ್ 10 ರೂಪಾಯಿಯಿಂದ, ಎಸಿ ಆದ್ರೆ 12ರಿಂದ. ಮತ್ತೆ, ವಿಳಾಸದಲ್ಲಿ ಈಸ್ಟ್, ವೆಸ್ಟ್ ಅಂತ ಇದ್ರೆ ಅದು ಹಳಿಯ ಯಾವ ಕಡೆ ಅನ್ನೋದು. ತಪ್ಪು ಕಡೆ ಇಳಿದು ಕ್ಯಾಬ್ ಬುಕ್ ಮಾಡಿದ್ರೆ ಫ್ಲೈಓವರ್ ಸುತ್ತಿ ಬರೋದಕ್ಕೇ ದುಡ್ಡು ಹೋಗುತ್ತೆ.

ರಾತ್ರಿ ಮರೀನ್ ಡ್ರೈವ್‌ನಲ್ಲಿ ಕೂತವರಿಗೆ ಟೈಮ್ ಮರೆತುಹೋಗುತ್ತೆ. ಅಕ್ವಾ ಲೈನ್ ಕೊನೆ ಮೆಟ್ರೊ ರಾತ್ರಿ 10.30ರ ಹೊತ್ತಿಗೆ. ಲೋಕಲ್‌ಗಳು ಮಧ್ಯರಾತ್ರಿ 12ರಿಂದ 1ರೊಳಗೆ ಮುಗಿದು, ಮತ್ತೆ ಶುರುವಾಗೋದು ಬೆಳಗಿನ ಜಾವ 4ರ ಸುಮಾರಿಗೆ. ನಡುವೆ ಟ್ಯಾಕ್ಸಿ ಹಿಡಿದ್ರೆ 25% ರಾತ್ರಿ ದರ ಸೇರಿ, ರೂಮಿನಲ್ಲಿ ಉಳಿಸಿದ ದುಡ್ಡಿನಲ್ಲಿ ದೊಡ್ಡ ಪಾಲು ಅಲ್ಲೇ ಹೋಗುತ್ತೆ.

ಕೊನೆಯದಾಗಿ, ಊರಿಂದ ಹೋಗುವಾಗ ಕೊನೆ ಸ್ಟಾಪ್‌ವರೆಗೆ ಹೋಗಲೇಬೇಕು ಅಂತಿಲ್ಲ. ಮಂಗಳೂರಿನ ಮತ್ಸ್ಯಗಂಧ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ವರೆಗೆ ಹೋಗುತ್ತೆ. ಆದರೆ ನವಿ ಮುಂಬೈಯಲ್ಲಿ ರೂಮ್ ಇದ್ದೋರು ಪನ್ವೇಲ್‌ನಲ್ಲೇ, ಠಾಣೆಯವರು ಠಾಣೆಯಲ್ಲೇ ಇಳ್ಕೊಳ್ಳಿ. ಹುಬ್ಬಳ್ಳಿ ಮೇಲೆ ಹೋಗೋ ಚಾಲುಕ್ಯ ಎಕ್ಸ್‌ಪ್ರೆಸ್ ದಾದರ್‌ಗೆ ಹೋಗುತ್ತೆ, ಅದರಲ್ಲಿ ಬರೋರಿಗೆ ಬೋರಿವಲಿ ಲೋಕಲ್ ಅಲ್ಲೇ ಸೇತುವೆ ಆಚೆ ಸಿಗುತ್ತೆ. ಲಗೇಜ್ ಇರೋದ್ರಿಂದ ಸ್ಲೋ ಹತ್ತಿ.