ಪ್ರಸಾರಕ್ಕೆ ಮುಂಚಿನ ಪಿಟೀಲು

ಮೊದಲು ತಂಬೂರಿಯ ಶ್ರುತಿ. ಅದು ತುಂಬಿಕೊಳ್ಳುತ್ತಿದ್ದಂತೆ ಪಿಟೀಲು ಮೇಲೇಳುತ್ತದೆ. ಪುಟ್ಟದೊಂದು ಸ್ವರಗುಚ್ಛವನ್ನು ನುಡಿಸಿ, ತಡೆದು, ಮತ್ತೆ ನುಡಿಸುತ್ತದೆ. ಕಿವಿ ಪಳಗಿದವರಿಗೆ ಶಿವರಂಜನಿಯ ಛಾಯೆ ಸಿಗುತ್ತದೆ. ಧಾರವಾಡವಿರಲಿ, ಮೈಸೂರಿರಲಿ, ಭದ್ರಾವತಿಯಿರಲಿ, ಬೆಳಗಿನ ಪ್ರಸಾರಕ್ಕೆ ಮುಂಚೆ ಆಕಾಶವಾಣಿಯಲ್ಲಿ ಇದೇ. ಬಚ್ಚಲ ಒಲೆಗೆ ಉರಿ ಹಾಕುತ್ತ ಇದನ್ನು ಕೇಳಿದವರ ಮಟ್ಟಿಗೆ ಇದು ನಮ್ಮದೇ ನಾದ. ಕಟ್ಟಿದವರು ಮಾತ್ರ ನಾಜಿಗಳ ನೆರಳು ಹಬ್ಬುತ್ತಿದ್ದ ಯುರೋಪನ್ನು ಬಿಟ್ಟು ಬಂದ ಯಹೂದಿ, ವಾಲ್ಟರ್ ಕೌಫ್‌ಮನ್.

ಹುಟ್ಟಿದ್ದು 1907ರಲ್ಲಿ, ಬೊಹೀಮಿಯಾದ ಬಿಸಿನೀರ ಬುಗ್ಗೆಗಳ ಊರು ಕಾರ್ಲ್ಸ್‌ಬಾಡ್‌ನಲ್ಲಿ. ಸಂಗೀತ ರಚನೆ ಕಲಿತದ್ದು ಬರ್ಲಿನ್ನಿನಲ್ಲಿ. ಪ್ರಾಗ್‌ನಲ್ಲಿ ಡಾಕ್ಟರೇಟ್ ಇನ್ನೇನು ಕೈಗೆ ಬರಬೇಕು, ಮಾರ್ಗದರ್ಶಕ ನಾಜಿ ಎಂದು ತಿಳಿಯಿತು. ಪದವಿಯನ್ನೇ ಬೇಡವೆಂದರು.

1934ರಲ್ಲಿ ಮುಂಬಯಿಗೆ ಬಂದವರು ಇಲ್ಲಿನ ಗ್ರಾಮಫೋನ್ ತಟ್ಟೆಗಳನ್ನು ಹಾಕಿ ಕೇಳಿದರು. ತಲೆಬುಡ ಹತ್ತಲಿಲ್ಲ. ಇಷ್ಟು ಜನ ಎದೆತುಂಬಿ ಹಾಡಿ ಕೇಳುವ ಸಂಗೀತ ತನಗೆ ರುಚಿಸದಿದ್ದರೆ ಕೊರತೆ ತನ್ನದೇ ಇರಬೇಕು ಎಂದುಕೊಂಡು, ಮತ್ತೆ ಮತ್ತೆ ಕೇಳಿದರು. ಅವರ ಬದುಕಿನಲ್ಲಿ ನನ್ನನ್ನು ಹೆಚ್ಚು ತಟ್ಟುವುದು ಈ ಕೇಳುವಿಕೆಯೇ. ಊರು ಕಳೆದುಕೊಂಡವನು ತನ್ನ ಪಿಯಾನೊಗೆ ಅಂಟಿಕೊಂಡು ಕೂತಿದ್ದರೂ ಯಾರೂ ದೂರುತ್ತಿರಲಿಲ್ಲ.

ಪಿಯಾನೊವನ್ನೇನೂ ಅವರು ಬಿಡಲಿಲ್ಲ. ತಾವೇ ಕಟ್ಟಿದ ಬಾಂಬೆ ಚೇಂಬರ್ ಮ್ಯೂಸಿಕ್ ಸೊಸೈಟಿಯ ಕಛೇರಿ ಗುರುವಾರ ಗುರುವಾರ ವಿಲಿಂಗ್ಡನ್ ಜಿಮ್ಖಾನದಲ್ಲಿ ನಡೆಯುತ್ತಿತ್ತು. ಪಿಯಾನೊಗೆ ಕೌಫ್‌ಮನ್, ಸೆಲ್ಲೋಗೆ ಎಡಿಜಿಯೊ ವೆರ್ಗಾ, ಪಿಟೀಲಿಗೆ ಜುಬಿನ್ ಮೆಹ್ತಾರ ತಂದೆ ಮೆಹ್ಲಿ ಮೆಹ್ತಾ. ಹಗಲಿಗೆ ಮೋಹನ್ ಭಾವನಾನಿಯವರ ಸಿನಿಮಾಗಳಿಗೆ ಸಂಗೀತ. 1937ರಿಂದ ಮುಂಬಯಿ ರೇಡಿಯೊದಲ್ಲಿ ಪಾಶ್ಚಾತ್ಯ ಸಂಗೀತದ ಹೊಣೆ. ಪಶ್ಚಿಮದ ಪಿಟೀಲನ್ನು ನಮ್ಮ ತಂಬೂರಿಯ ಮೇಲೆ ಕೂರಿಸುವ ಧೈರ್ಯ ಬಂದದ್ದು ಈ ಓಡಾಟದಿಂದಲೇ ಇರಬೇಕು.

1946ರಲ್ಲಿ ಭಾರತ ಬಿಟ್ಟರು. ಕೆನಡಾದ ವಿನಿಪೆಗ್‌ನಲ್ಲಿ ವಾದ್ಯವೃಂದ ನಡೆಸಿ, ಕೊನೆಗೆ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಮೇಷ್ಟರಾದರು. ಒಂದು ಕಾಲಕ್ಕೆ ಅರ್ಥವೇ ಆಗದಿದ್ದ ಸಂಗೀತದ ಬಗ್ಗೆ ಅಲ್ಲಿ ಕೂತು ಎರಡು ದಪ್ಪ ಪುಸ್ತಕ ಬರೆದರು: 1968ರಲ್ಲಿ ಹಿಂದೂಸ್ತಾನಿ ರಾಗಗಳದ್ದು, 1976ರಲ್ಲಿ ನಮ್ಮ ಕರ್ನಾಟಕ ಸಂಗೀತದ ರಾಗಗಳದ್ದು.

1984ರಲ್ಲಿ ಅವರು ತೀರಿಕೊಂಡಾಗ ಮುಂಬಯಿಯಲ್ಲಿ ಬರೆದ ಅವರ ಸ್ವಂತ ರಚನೆಗಳನ್ನು ನುಡಿಸುವವರಿರಲಿಲ್ಲ. 2020ರಲ್ಲಿ ಟೊರೊಂಟೊದ ಎಆರ್‌ಸಿ ಎನ್‌ಸೆಂಬಲ್ ಕೆಲವನ್ನು ಧ್ವನಿಮುದ್ರಿಸಿತು. ನಮ್ಮ ಆಕಾಶವಾಣಿ ಒಂದು ಸಂಜೆ ಅವನ್ನು ಹಾಕಬೇಕು, ರಚಿಸಿದವರ ಹೆಸರು ಹೇಳಿ.