ಅಕ್ಷರಗುಂಡು, ಬಳೆಗಾರಗುಂಡು

ಚಳ್ಳಕೆರೆಯಿಂದ ಬಳ್ಳಾರಿ ರಸ್ತೆ ಹಿಡಿದು ತಳಕು ದಾಟಿದರೆ ಮುಂದೆ ಮೊಳಕಾಲ್ಮೂರು ಸೀಮೆ. ರೇಷ್ಮೆ ಸೀರೆಗೆ ಹೆಸರಾದ ಈ ತಾಲ್ಲೂಕಿನಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳು ಒಂದಲ್ಲ, ಮೂರು ಇವೆ. ಕೋಟೆ ನೋಡಲು ಚಿತ್ರದುರ್ಗಕ್ಕೆ ಬರುವವರು ಇಲ್ಲಿಯವರೆಗೆ ಬರುವುದು ಅಪರೂಪ.

ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಂಗಿ ರಾಮೇಶ್ವರ ಬೆಟ್ಟ, ಒಂದಕ್ಕೊಂದು ಸಮೀಪದಲ್ಲೇ ಇರುವ ಈ ಮೂರು ಕಡೆಯ ಶಾಸನಗಳನ್ನು 1892ರಲ್ಲಿ ಬೆಳಕಿಗೆ ತಂದವರು ಬಿ.ಎಲ್. ರೈಸ್. ಮೌರ್ಯರ ಆಡಳಿತ ಕನ್ನಡ ನಾಡಿನವರೆಗೂ ಚಾಚಿತ್ತೆಂಬುದು ಇವುಗಳಿಂದ ಖಚಿತವಾಯಿತು. ಇಲ್ಲಿ ದೊರೆಯ ಹೆಸರಿಲ್ಲ, ‘ದೇವಾನಾಂಪ್ರಿಯ’ ಎಂದಷ್ಟೇ ಇದೆ. ಆತನೇ ಅಶೋಕನೆಂದು ಹೇಳುವ ಶಾಸನ ಸಿಕ್ಕಿದ್ದು 1915ರಲ್ಲಿ, ರಾಯಚೂರು ಸೀಮೆಯ ಮಸ್ಕಿಯಲ್ಲಿ.

ಬ್ರಹ್ಮಗಿರಿಯ ಬಂಡೆಗೆ ಊರವರ ಹೆಸರು ಅಕ್ಷರಗುಂಡು. ಅದರ ಮೇಲಿರುವುದು 13 ಸಾಲಿನ ಒಂದು ಸರ್ಕಾರಿ ಕಾಗದವೆನ್ನಬಹುದು. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಕಳುಹಿಸಿದ್ದು. ಮೊದಲು ಕ್ಷೇಮ ವಿಚಾರಣೆ, ಆಮೇಲೆ ವಿಷಯ. ನಮ್ಮ ಅಜ್ಜಂದಿರ ಕಾಗದದ ‘ಉಭಯ ಕುಶಲೋಪರಿ’ಗೆ ಎಷ್ಟು ಹಳೆಯ ಮನೆತನ! ತಾಯಿತಂದೆಯರ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎಂಬುದು ರಾಜಾಜ್ಞೆ.

ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಬರೆದ ಲಿಪಿಕಾರ ಚಪಡ. ಕೊನೆಯಲ್ಲಿ ತನ್ನ ಹೆಸರು ಹಾಕಿಕೊಂಡ ಈತ ‘ಲಿಪಿಕಾರ’ ಎಂಬರ್ಥದ ಪದವನ್ನು ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಅದು ಗಾಂಧಾರದ ಕಡೆಯ ಲಿಪಿ. ಅಷ್ಟು ದೂರದ ವಿದ್ಯೆ ಕಲಿತವನೊಬ್ಬ ಈ ಕುರುಚಲು ಸೀಮೆಯಲ್ಲಿ ತನ್ನ ಜಾಣ್ಮೆಯನ್ನು ತುಸು ಮೆರೆಸಿದ್ದಾನೆ ಎನ್ನೋಣವೇ?

ಜಟಾಯು ಬಿದ್ದ ತಾಣವೆಂದು ಜನ ನಂಬುವ ಜಟಂಗಿ ರಾಮೇಶ್ವರದಲ್ಲಿ ಶಾಸನವಿರುವುದು ಮಟ್ಟಸವಾದ ಬಂಡೆಯ ಮೇಲೆ. ಜಾತ್ರೆಗೆ ಬಂದ ಬಳೆಗಾರರು ಮಲಾರ ಇಳಿಸಿ ಬಳೆ ಹರಡುತ್ತಿದ್ದ ಜಾಗ ಅದು, ಅದಕ್ಕೇ ಬಳೆಗಾರಗುಂಡು. ಕೂತೆದ್ದವರ, ನಡೆದಾಡಿದವರ ಸವೆತಕ್ಕೆ ಅಕ್ಷರಗಳು ಬಹುಪಾಲು ಅಳಿಸಿವೆ. ಯಾರೂ ಬೇಕೆಂದು ಕೆಡಿಸಿದ್ದಲ್ಲ. ಬಿಸಿಲೂ ತನ್ನ ಪಾಲಿನ ಕೆಲಸ ಮಾಡಿದೆ: ಹಗಲು ಕಾದು ಹಿಗ್ಗಿ, ರಾತ್ರಿ ತಣಿದು ಕುಗ್ಗುವ ಕಲ್ಲು ಈರುಳ್ಳಿ ಸಿಪ್ಪೆಯಂತೆ ಪದರ ಬಿಡುತ್ತದೆ. ಅದೃಷ್ಟಕ್ಕೆ ಮೂರೂ ಕಡೆ ಒಕ್ಕಣೆ ಹೆಚ್ಚುಕಡಿಮೆ ಒಂದೇ. ಒಂದರಲ್ಲಿ ಅಳಿದುದನ್ನು ಇನ್ನೊಂದರಿಂದ ಓದಿಕೊಳ್ಳಬಹುದು.

ಇಸಿಲ ಬ್ರಹ್ಮಗಿರಿಯ ಬುಡದಲ್ಲೇ ಇದ್ದಿರಬೇಕೆಂಬುದು ವಿದ್ವಾಂಸರ ಮತ. ಮೈಸೂರಿನ ಡಾ. ಎಂ.ಎಚ್. ಕೃಷ್ಣ ಇಲ್ಲಿ ಉತ್ಖನನ ನಡೆಸಿದ್ದರು. 1947ರಲ್ಲಿ ಮಾರ್ಟಿಮರ್ ವೀಲರ್ ಮತ್ತೆ ಅಗೆದಾಗ ನಯ ಮಾಡಿದ ಕಲ್ಲುಕೊಡಲಿಯವರು, ಬೃಹತ್ ಶಿಲಾ ಸಮಾಧಿಗಳವರು, ಸಾತವಾಹನ ಕಾಲದವರು ಹೀಗೆ ಮೂರು ಸಂಸ್ಕೃತಿಗಳು ಒಂದರ ಮೇಲೊಂದು ಪದರಗಳಲ್ಲಿ ಕಂಡುಬಂದವು. ದಕ್ಷಿಣ ಭಾರತದ ಪ್ರಾಗಿತಿಹಾಸದ ಕಾಲಗಣನೆಗೆ ಬಹುಕಾಲ ಇದೇ ಅಳತೆಗೋಲಾಗಿತ್ತು.

ಹೋಗುವವರು ಬೆಳಗ್ಗೆ ಬೇಗ, ಇಲ್ಲವೇ ಇಳಿಹೊತ್ತಿನಲ್ಲಿ ಹೋಗಬೇಕು. ಓರೆ ಬೆಳಕಿನಲ್ಲಿ ತಗ್ಗುಗಳಿಗೆ ನೆರಳು ತುಂಬಿ ಅಕ್ಷರ ತಾನಾಗಿ ಕಾಣುತ್ತದೆ. ಎದ್ದು ಕಾಣಲೆಂದು ಸೀಮೆಸುಣ್ಣ ತಿಕ್ಕುವ ಅಗತ್ಯವಿಲ್ಲ.