ಟ್ಯಾಬ್ಲೆಟ್‌ನ ವೇಗ ಎಲ್ಲಿ ಸೋರಿಹೋಗುತ್ತದೆ?

2012ರ ಮಧ್ಯಭಾಗದಲ್ಲಿ ಗೂಗಲ್ ಮತ್ತು ಏಸಸ್ ಸೇರಿ ನೆಕ್ಸಸ್ 7 ಎಂಬ ಏಳಿಂಚಿನ ಟ್ಯಾಬ್ಲೆಟ್ ತಂದವು. ಬೆಲೆ 199 ಡಾಲರ್. ನಾಲ್ಕು ಕೋರ್‌ಗಳ ಪ್ರೊಸೆಸರ್, 1 ಜಿಬಿ ರ್‍ಯಾಮ್ ಇದ್ದ ಅದು ಮೊದಮೊದಲು ಬೆಲೆಗೆ ಮೀರಿದ ಚುರುಕು ತೋರಿಸಿತು. ಕೆಲವು ತಿಂಗಳು ಬಳಸುವಷ್ಟರಲ್ಲಿ ಮಾತ್ರ ಹಲವರಿಂದ ಒಂದೇ ದೂರು: ಆ್ಯಪ್ ತೆರೆಯಲು ಹೊತ್ತು ಹಿಡಿಯುತ್ತದೆ, ಬೆರಳಿಟ್ಟರೆ ಪರದೆ ತಡವರಿಸುತ್ತದೆ. ಪ್ರೊಸೆಸರ್ ಅದೇ, ರ್‍ಯಾಮ್ ಅದೇ. ಹದಗೆಟ್ಟಿದ್ದು ಒಳಗಿನ ಸ್ಟೋರೇಜ್ ಚಿಪ್‌ನ ಪರಿಸ್ಥಿತಿ.

ಕಾರಣ ಫ್ಲ್ಯಾಶ್ ಮೆಮೊರಿಯ ಸ್ವಭಾವದಲ್ಲಿದೆ. ಇದರಲ್ಲಿ ಬರೆಯುವುದು ಸಣ್ಣ ಸಣ್ಣ ಪುಟಗಳಲ್ಲಿ, ಅಳಿಸುವುದು ಮಾತ್ರ ನೂರಾರು ಪುಟಗಳ ಇಡೀ ಬ್ಲಾಕ್ ಅನ್ನು ಒಟ್ಟಿಗೆ. ಒಂದಕ್ಷರ ತಿದ್ದಬೇಕೆಂದರೂ ಸ್ಲೇಟನ್ನು ಪೂರ್ತಿ ಒರೆಸಲೇಬೇಕು ಎಂಬಂಥ ಕಟ್ಟಳೆ. ಉಳಿಸಬೇಕಾದ ಅಕ್ಷರಗಳನ್ನು ಮೊದಲೇ ಇನ್ನೊಂದು ಸ್ಲೇಟಿಗೆ ನಕಲು ಮಾಡಿಕೊಂಡಿರಬೇಕು. ಚಿಪ್‌ನಲ್ಲಿ ಖಾಲಿ ಬ್ಲಾಕ್‌ಗಳು ಸಾಕಷ್ಟಿದ್ದರೆ ಈ ನಕಲು ಕೆಲಸ ನಮ್ಮ ಗಮನಕ್ಕೇ ಬರುವುದಿಲ್ಲ. ಜಾಗ ತುಂಬುತ್ತ ಬಂದಂತೆ ಒಂದು ಫೋಟೊ ಉಳಿಸಲೂ ಚಿಪ್ ಹತ್ತಾರು ಸಲ ಎತ್ತಿಡುವ ಕೆಲಸ ಮಾಡಬೇಕಾಗುತ್ತದೆ.

ಇನ್ನೊಂದು ತೊಡಕೂ ಇತ್ತು. ನಾವು ಫೈಲ್ ಡಿಲೀಟ್ ಮಾಡಿದರೆ ಅದು ಬೇಡವಾದದ್ದು ಎಂದು ಆಪರೇಟಿಂಗ್ ಸಿಸ್ಟಂಗೆ ಗೊತ್ತಾಗುತ್ತದೆ, ಚಿಪ್‌ಗೆ ಗೊತ್ತಾಗುವುದಿಲ್ಲ. ಅದು ಸತ್ತ ಮಾಹಿತಿಯನ್ನೂ ಜೋಪಾನವಾಗಿ ನಕಲು ಮಾಡುತ್ತಲೇ ಇರುತ್ತದೆ. ‘ಈ ಜಾಗ ಇನ್ನು ಖಾಲಿ’ ಎಂದು ಚಿಪ್‌ಗೆ ತಿಳಿಸುವ ಆದೇಶವೇ ಟ್ರಿಮ್. 2013ರ ಜುಲೈನಲ್ಲಿ ಬಂದ ಆಂಡ್ರಾಯ್ಡ್ 4.3, ಟ್ಯಾಬ್ಲೆಟ್ ಸುಮ್ಮನೆ ಬಿದ್ದಿರುವಾಗ ತಾನೇ ಟ್ರಿಮ್ ನಡೆಸುವ ಏರ್ಪಾಡು ತಂದಿತು. ಹಳೆಯ ನೆಕ್ಸಸ್ 7ಗಳು ಮತ್ತೆ ಚೇತರಿಸಿಕೊಂಡವು. ಒಂದು ಬಿಡಿಭಾಗವನ್ನೂ ಬದಲಿಸದೆ, ಬರೀ ಸಾಫ್ಟ್‌ವೇರ್‌ನಿಂದ ಯಂತ್ರವೊಂದು ಹೀಗೆ ಎದ್ದು ನಿಂತದ್ದು ನನಗೆ ಇವತ್ತಿಗೂ ಬೆರಗಿನ ಸಂಗತಿ.

ಹಾಗಾಗಿ ಕಡಿಮೆ ಬೆಲೆಯ ಟ್ಯಾಬ್ಲೆಟ್ ಕೊಳ್ಳುವಾಗ ನಾನು ಮೊದಲು ಕೇಳುವುದು ಸ್ಟೋರೇಜ್ ಯಾವ ಬಗೆಯದು ಎಂದು. ಅಗ್ಗದವುಗಳಲ್ಲಿ ಸಾಮಾನ್ಯವಾಗಿ ಇರುವುದು ಇಎಂಎಂಸಿ. ಓದುವುದು, ಬರೆಯುವುದು ಎರಡನ್ನೂ ಅದು ಒಟ್ಟಿಗೆ ಮಾಡಲಾರದು. ಒಂದು ಮುಗಿದ ಮೇಲೆ ಇನ್ನೊಂದು. ಆ್ಯಪ್‌ಗಳು ಅಪ್‌ಡೇಟ್ ಆಗುತ್ತಿರುವಾಗ ಇಡೀ ಟ್ಯಾಬ್ಲೆಟ್ ಮಂಕಾಗುವುದು ಬಹುಮಟ್ಟಿಗೆ ಇದಕ್ಕೇ. ಯುಎಫ್‌ಎಸ್ ಬಗೆಯ ಸ್ಟೋರೇಜ್ ಎರಡನ್ನೂ ಒಂದೇ ಹೊತ್ತಿಗೆ ನಿಭಾಯಿಸುತ್ತದೆ. ಇನ್ನೂ ಒಂದೆರಡು ಸಾವಿರ ರೂಪಾಯಿ ಸೇರಿಸಿದರೆ ಅದು ಸಿಗುವುದಾದರೆ, ಕ್ಯಾಮೆರಾ ಸಾಧಾರಣವಾಗಿದ್ದರೂ ಅದನ್ನೇ ಆರಿಸಿ.

ರ್‍ಯಾಮ್ ಲೆಕ್ಕದಲ್ಲೂ ಎಚ್ಚರ ಬೇಕು. ಡಬ್ಬದ ಮೇಲೆ 8 ಜಿಬಿ ಎಂದು ಬರೆದು, ಕೆಳಗೆ ಸಣ್ಣಕ್ಷರದಲ್ಲಿ 4+4 ಎಂದು ಕಾಣಿಸುವುದುಂಟು. ಎರಡನೆಯ 4 ಜಿಬಿ ನಿಜವಾದ ರ್‍ಯಾಮ್ ಅಲ್ಲ, ಸ್ಟೋರೇಜ್‌ನಿಂದ ಕಡ ಪಡೆದ ಜಾಗ. ಮೊದಲೇ ನಿಧಾನವಾದ ಇಎಂಎಂಸಿ ಮೇಲೆ ಇದು ಇನ್ನೊಂದು ಹೊರೆ. ಸ್ಟೋರೇಜ್ ಬಿಗಿಯಾಗಿರುವ ಟ್ಯಾಬ್ಲೆಟ್‌ಗಳಲ್ಲಿ ಈ ಸೌಲಭ್ಯವನ್ನು ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಿ ನೋಡಿ.

ಇನ್ನು ಆಪರೇಟಿಂಗ್ ಸಿಸ್ಟಂ. ಅಪ್‌ಡೇಟ್ ಎಂದರೆ ಎಲ್ಲವೂ ಒಂದೇ ಅಲ್ಲ. ನೆಕ್ಸಸ್ 7ಗೆ ಮರುಜೀವ ಕೊಟ್ಟದ್ದು ಒಂದು ಅಪ್‌ಡೇಟ್; 2014ರ ಕೊನೆಗೆ ಬಂದ ಆಂಡ್ರಾಯ್ಡ್ 5.0 ಅದೇ ಟ್ಯಾಬ್ಲೆಟ್‌ಗೆ ಭಾರವಾಗಿ, ಎಷ್ಟೋ ಜನ ಮತ್ತೆ ಗೋಳಾಡಿದರು. ಆದ್ದರಿಂದ ಸೆಕ್ಯುರಿಟಿ ಪ್ಯಾಚ್ ಬಂದರೆ ತಡಮಾಡದೆ ಹಾಕಿಕೊಳ್ಳಿ. ಗೂಗಲ್ 2015ರ ಆಗಸ್ಟ್‌ನಿಂದ ಇವುಗಳ ವಿವರವನ್ನು ತಿಂಗಳು ತಿಂಗಳು ಪ್ರಕಟಿಸುತ್ತಿದೆ. ಇಡೀ ಆವೃತ್ತಿಯೇ ಬದಲಾಗುವ ಅಪ್‌ಡೇಟ್ ಆದರೆ ಅದೇ ಮಾಡೆಲ್ ಇಟ್ಟುಕೊಂಡವರ ಅನುಭವ ಕೇಳುವವರೆಗೆ ಕಾಯಿರಿ, ಏಕೆಂದರೆ ಹಿಂದಿನ ಆವೃತ್ತಿಗೆ ಮರಳುವುದು ಸುಲಭವಲ್ಲ. ಎಷ್ಟು ವರ್ಷ ಪ್ಯಾಚ್ ಕೊಡುತ್ತೇವೆಂದು ಕಂಪನಿ ಬರವಣಿಗೆಯಲ್ಲಿ ಹೇಳಿದೆಯೇ ಎಂಬುದನ್ನು ಕೊಳ್ಳುವ ಮುಂಚೆಯೇ ನೋಡಬೇಕು. ಬ್ಯಾಂಕ್ ಆ್ಯಪ್ ಬಳಸುವವರಿಗಂತೂ ಇದು ಪರದೆಯ ಹೊಳಪಿಗಿಂತ ಮುಖ್ಯ.

ಕಂಪನಿ ಕೈಬಿಟ್ಟ ಟ್ಯಾಬ್ಲೆಟ್‌ಗಳಿಗೆ 2016ರಲ್ಲಿ ಶುರುವಾದ ಲೀನಿಯೇಜ್ ಓಎಸ್‌ನಂಥ ಸ್ವಯಂಸೇವಕರ ಯೋಜನೆಗಳು ಹೊಸ ಆಂಡ್ರಾಯ್ಡ್ ಒದಗಿಸುತ್ತವೆ. ಆದರೆ ಅಗ್ಗದ ಮಾಡೆಲ್‌ಗಳಲ್ಲಿ ಈ ಭಾಗ್ಯ ಕೆಲವಕ್ಕಷ್ಟೇ. ಅವನ್ನು ಹಾಕಿಕೊಳ್ಳಲು ಬೂಟ್‌ಲೋಡರ್‌ನ (ಆಪರೇಟಿಂಗ್ ಸಿಸ್ಟಂ ಅನ್ನು ಶುರುಮಾಡುವ ಸಾಫ್ಟ್‌ವೇರ್) ಬೀಗ ತೆರೆದಾಗ ಒಳಗಿನ ಮಾಹಿತಿಯೆಲ್ಲ ಅಳಿಸಿಹೋಗುತ್ತದೆ, ಆಮೇಲೆ ಕೆಲವು ಬ್ಯಾಂಕ್ ಆ್ಯಪ್‌ಗಳು ಕೆಲಸ ಮಾಡಲು ಒಪ್ಪದೆಯೂ ಇರಬಹುದು.

ದಿನಬಳಕೆಯಲ್ಲಿ ಐದರಲ್ಲೊಂದು ಪಾಲು ಸ್ಟೋರೇಜ್ ಖಾಲಿ ಬಿಡಿ, ರಾತ್ರಿ ಚಾರ್ಜಿಗಿಟ್ಟಾಗ ಟ್ಯಾಬ್ಲೆಟ್ ಅನ್ನು ಆಫ್ ಮಾಡಬೇಡಿ. ಟ್ರಿಮ್ ನಡೆಯುವುದು ಅಂಥ ಬಿಡುವಿನಲ್ಲೇ. ವಿಡಿಯೊಗಳನ್ನು ಮೆಮೊರಿ ಕಾರ್ಡ್‌ಗೆ ಸಾಗಿಸಬಹುದು. ಇಷ್ಟಾದರೂ ಸುಧಾರಿಸದಿದ್ದರೆ ಫ್ಯಾಕ್ಟರಿ ರೀಸೆಟ್. ಅದಕ್ಕೆ ಮೊದಲು ಫೋಟೊಗಳ ಬ್ಯಾಕಪ್ ಆಗಿದೆಯೇ, ಟ್ಯಾಬ್ಲೆಟ್‌ನಲ್ಲಿರುವ ಗೂಗಲ್ ಖಾತೆಯ ಪಾಸ್‌ವರ್ಡ್ ನೆನಪಿದೆಯೇ ಎಂದು ನೋಡಿಕೊಳ್ಳಿ. ಕಳ್ಳರನ್ನು ತಡೆಯಲು ಆಂಡ್ರಾಯ್ಡ್‌ನಲ್ಲಿರುವ ಬೀಗ, ರೀಸೆಟ್ ಆದ ಮೇಲೆ ಅದೇ ಖಾತೆಯನ್ನು ಕೇಳಿ, ಮಾಲೀಕರನ್ನೇ ಹೊರಗೆ ನಿಲ್ಲಿಸಬಹುದು.